ಕಿಟ್ಟೆಲ್: ತಂದೆಯನ್ನು ಕರೆಯುವ ನುಡಿ

ನಿಘಂಟುಕಾರರೆಂದು ಕನ್ನಡಿಗರಿಗೆ ಚಿರಪರಿಚಿತರಾದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರು ಮೊದಲಿಗೆ ಸುವಾರ್ತೆಯ ಸೇವಕರು. 1832ರಲ್ಲಿ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿ, ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು, 1853ರಲ್ಲಿ ಕನ್ನಡನಾಡಿಗೆ ಬಂದರು. ಆ ಮಿಷನ್ನಿನ ಭಕ್ತಿಪರಂಪರೆಯಲ್ಲಿ ದೇವರು ದೂರದ ನ್ಯಾಯಾಧಿಪತಿ ಮಾತ್ರವಲ್ಲ. ಮಗು ಕರೆದಾಗ ಓಗೊಡುವ ತಂದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ತೊಡಗುವುದೂ ದೇವರನ್ನು ತಂದೆಯೆಂದು ಕರೆಯುವುದರಿಂದಲೇ. ತಂದೆಯೊಡನೆ ಮಾತನಾಡಲು ಮಗುವಿಗೆ ಪರಭಾಷೆ ಸಾಲದು, ಮನೆಮಾತೇ ಬೇಕು. ಕಿಟ್ಟೆಲ್ಲರ ಕನ್ನಡದ ದುಡಿಮೆಯನ್ನು ಈ ನೆಲೆಯಿಂದಲೂ ನೋಡಬೇಕು.

ಈ ನಾಡಿನವರ ನಡುವೆ ಅವರಂತೆಯೇ ಬಾಳಬೇಕೆಂಬ ತರುಣ ಕಿಟ್ಟೆಲ್ಲರ ಹಂಬಲ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಅವರು ದಾರಿ ಬಿಡದೆ, 1862ರಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ಹೆಣೆದರು. 1864ರಲ್ಲಿ ಪತ್ನಿ ಪೌಲೀನ ತೀರಿಕೊಂಡರು. ದೇವರ ತಂದೆತನವನ್ನು ಸಾರುತ್ತಿದ್ದವರು ತಾಯಿಯಿಲ್ಲದ ಎಳೆಯ ಮಕ್ಕಳ ತಂದೆಯಾಗಿ ಉಳಿದರು. ನಂಬಿಕೆಗೆ ಇದಕ್ಕಿಂತ ಕಠಿನವಾದ ಒರೆಗಲ್ಲು ಇರಲಾರದು.

ದುಡಿಮೆ ನಿಲ್ಲಲಿಲ್ಲ. ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡಿತು. ಕಾವ್ಯದ ಪ್ರೌಢಪದಗಳ ಜೊತೆಗೆ ಅಪ್ಪ, ತಂದೆ ಎಂಬ ಮನೆಯ ಮಾತುಗಳಿಗೂ ಅಲ್ಲಿ ಸ್ಥಾನ ದೊರೆಯಿತು.

1903ರಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ನಿಧನರಾದರು. ತಮ್ಮ ದೇವರ ಮಾತನ್ನು ತಲುಪಿಸಲು ಕನ್ನಡ ಕಲಿತವರು, ಶರಣರೂ ಜೈನರೂ ದಾಸರೂ ತಂತಮ್ಮ ದೇವರನ್ನು ಕರೆದ ನುಡಿಗಳನ್ನೆಲ್ಲ ಕಾಪಿಟ್ಟು ಹೋದರು. ಅವರ ಪ್ರಾರ್ಥನೆಯ ಫಲ ಇಡೀ ನಾಡಿಗೆ ಸಂದಿತು.