ಪದವಿಯಿಲ್ಲದ ಪಕ್ಷಿಪಂಡಿತ

ಮುಂಬಯಿಯಲ್ಲಿ ಸಾಯನ್‌ನಿಂದ ಬಾಂದ್ರಾಕ್ಕೆ ಹೋಗುವ ಲಿಂಕ್ ರಸ್ತೆಯ ಬದಿಯಲ್ಲಿ, ಧಾರಾವಿಗೆ ತಾಗಿದಂತೆ, ಮೀಠೀ ನದಿಯ ದಂಡೆಯ ಮೇಲೆ ಒಂದು ವನವಿದೆ. ಒಂದು ಕಾಲಕ್ಕೆ ಅದು ಶಹರದ ಕಸವನ್ನು ತಂದು ಸುರಿಯುತ್ತಿದ್ದ ಸ್ಥಳ. ಅಲ್ಲಿ ಮರಗಳನ್ನು ನೆಟ್ಟು ಬೆಳೆಯಿಸಿ, ೧೯೯೪ರಲ್ಲಿ ಮಹಾರಾಷ್ಟ್ರ ನೇಚರ್ ಪಾರ್ಕ್ ಎಂಬ ಹೆಸರಿನಿಂದ ಜನತೆಗೆ ತೆರೆದರು. ಮಾಹಿಮ್ ಖಾಡಿಯ ಕಡೆಗೆ ಮೊಗಮಾಡಿ ನಿಂತರೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ಕಣ್ಣಿಗೆ ಬೀಳುತ್ತವೆ. ದುರ್ಬೀನು ಹಿಡಿದು ಅಲ್ಲಿಗೆ ಬರುವವರೆಲ್ಲರೂ, ಅರಿತೋ ಅರಿಯದೆಯೋ, ಇದೇ ಮುಂಬಯಿಯ ಒಬ್ಬ ಮಹನೀಯರ ಶಿಷ್ಯರು. ಅವರೇ ಡಾಕ್ಟರ್ ಸಲೀಂ ಅಲಿ.

ಸಲೀಂ ಅಲಿಯವರು ೧೮೯೬ರ ನವೆಂಬರ್ ೧೨ರಂದು ಮುಂಬಯಿಯಲ್ಲಿ ಜನಿಸಿದರು. ವರುಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು, ಮೂರನೆಯ ವಯಸ್ಸಿನಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿ ಮಕ್ಕಳನ್ನು ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರು ಸಾಕಿದರು. ಬಾಲಕನಿಗೆ ಗಾಳಿಬಂದೂಕಿನಿಂದ ಗುಬ್ಬಿ ಹೊಡೆಯುವ ಚಟ. ಒಮ್ಮೆ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ತಿಳಿಯಲು ಮಾವನವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರಲ್ಲಿಗೆ ಕಳುಹಿದರು. ಸಾಹೇಬರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಕಪಾಟುಗಳನ್ನು ತೆರೆದು ಅಲ್ಲಿ ಕಾದಿರಿಸಿದ್ದ ಪಕ್ಷಿಗಳನ್ನೆಲ್ಲ ತೋರಿಸಿದರು. ಕೊಲ್ಲುವ ಆಟ ಅಂದಿನಿಂದ ಅರಿಯುವ ಹಂಬಲವಾಗತೊಡಗಿತು.

ಓದು ಮಾತ್ರ ಒಲಿಯಲಿಲ್ಲ. ೧೯೧೩ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಕಷ್ಟದಿಂದಲೇ ದಾಟಿದರು. ಕಾಲೇಜನ್ನು ನಡುವೆಯೇ ತೊರೆದು, ಮನೆತನದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ತವಾಯ್ ಊರಿಗೆ ಹೋದರು. ಲೆಕ್ಕದ ಪುಸ್ತಕಕ್ಕಿಂತಲೂ ಅಲ್ಲಿಯ ಕಾಡುಗಳೇ ಅವರನ್ನು ಸೆಳೆದವು. ೧೯೧೭ರಲ್ಲಿ ಮುಂಬಯಿಗೆ ಮರಳಿ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಪತ್ರಗಳನ್ನೂ, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಕಲಿತರು. ೧೯೧೮ರಲ್ಲಿ ತೆಹಮೀನಾ ಎಂಬವರ ಕೈಹಿಡಿದರು. ಪಕ್ಷಿಶಾಸ್ತ್ರಕ್ಕೆ ಸಂಬಂಧಿಸಿದ ಸರಕಾರೀ ಹುದ್ದೆಯೊಂದು ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣದಿಂದ ಕೈತಪ್ಪಿತು.

೧೯೨೬ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಝಿಯಮ್ಮಿನ ಪ್ರಾಣಿವಿಭಾಗದಲ್ಲಿ, ನೋಡಲು ಬಂದವರಿಗೆ ವಿವರಿಸಿ ಹೇಳುವ ಕೆಲಸ ದೊರೆಯಿತು. ತಿಂಗಳಿಗೆ ೩೫೦ ರೂಪಾಯಿ ಸಂಬಳ. ಅಂದಿಗೆ ಅದು ದೊಡ್ಡ ಮೊತ್ತವೇ. ಎರಡು ವರುಷಗಳ ಬಳಿಕ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರೊಫೆಸರ್ ಸ್ಟ್ರೆಸೆಮನ್ನರ ಬಳಿ ಪಕ್ಷಿಶಾಸ್ತ್ರವನ್ನು ಅಭ್ಯಸಿಸಿದರು. ೧೯೩೦ರಲ್ಲಿ ಹೊಸ ವಿದ್ಯೆಯೊಡನೆ ಹಿಂದಿರುಗಿದರೆ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದುಗೊಳಿಸಲಾಗಿತ್ತು! ಕೆಲಸ ಕಳೆದುಕೊಂಡು ಪರಸ್ಥಳದಲ್ಲಿ ತಿರುಗಿದ ಅನುಭವವುಳ್ಳ ನಮ್ಮ ವಾಚಕರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಂಪತಿಗಳು ಅಲಿಬಾಗದ ಸಮೀಪದ ಕಿಹೀಮ್ ಎಂಬ ಕಡಲತಡಿಯ ಹಳ್ಳಿಯನ್ನು ಸೇರಿದರು. ಅಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟಿದ್ದವು. ಸಲೀಂ ಅಲಿಯವರು ಮರೆಯಲ್ಲಿ ಕುಳಿತು, ದಿನಗಟ್ಟಲೆ ಅವುಗಳ ಸಂಸಾರವನ್ನು ನೋಡಿ ಬರೆದಿಟ್ಟರು. ಗಂಡುಹಕ್ಕಿಯು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣವಾಗುತ್ತದೆ. ಅದು ಮೊಟ್ಟೆಯಿಟ್ಟು ಕಾವು ಕೊಡತೊಡಗಿದೊಡನೆ ಗಂಡು ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೀಜಗದ ಈ ಬಾಳಿನ ಕ್ರಮವನ್ನು ಶಾಸ್ತ್ರೀಯವಾಗಿ ವಿವರಿಸಿದ ಕೀರ್ತಿ ಅವರದು. ಉದ್ಯೋಗವಿಲ್ಲದ ದಿನಗಳಲ್ಲಿ ಮಾಡಿದ ಕೆಲಸವೇ ಅವರ ಹೆಸರನ್ನು ವಿದ್ವಾಂಸರಲ್ಲಿ ಹಬ್ಬಿಸಿತು.

ಅನಂತರ ಅವರು ದೇಶೀಯ ಸಂಸ್ಥಾನಗಳಲ್ಲಿ ಪಕ್ಷಿಗಳ ಸರ್ವೇ ಕೈಕೊಂಡರು. ಸಂಬಳ ಬೇಡ, ತಿರುಗಾಟದ ವೆಚ್ಚ ಕೊಟ್ಟರೆ ಸಾಕೆಂಬುದು ಅವರ ಕರಾರು. ಹೈದರಾಬಾದು, ಕೊಚ್ಚಿ, ತಿರುವಾಂಕೂರುಗಳನ್ನು ಸುತ್ತಿದರು. ಡೇರೆಯ ಬಾಳಿನಲ್ಲಿ ಜತೆಯಾಗಿದ್ದ ತೆಹಮೀನಾ ೧೯೩೯ರಲ್ಲಿ, ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮಕ್ಕಳಿಲ್ಲದ ಅವರು ಮರುಮದುವೆಯಾಗದೆ ತಂಗುದಾಣವನ್ನು ಅಕ್ಕನ ಮನೆಗೆ ಬದಲಿಸಿ, ದುಃಖವನ್ನು ದುಡಿಮೆಯಲ್ಲಿ ಮರೆತರು. ಅದೇ ಹೊತ್ತಿನಲ್ಲಿ ನಡೆದುದು ನಮ್ಮ ಮೈಸೂರು ಸಂಸ್ಥಾನದ ಸರ್ವೇ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಮರಿಮಾಡುವುದನ್ನು ಕಂಡು, ಆ ಸ್ಥಳವನ್ನು ರಕ್ಷಿಸಬೇಕೆಂದು ಒಡೆಯರ ಮನವೊಲಿಸಿದರು. ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ಅಲ್ಲಿ ದೋಣಿಯೇರಿ ಹಕ್ಕಿ ನೋಡುವ ಕನ್ನಡಿಗರು ಈ ಮುಂಬಯಿಕರರಿಗೆ ಋಣಿಗಳು.

೧೯೪೧ರಲ್ಲಿ ಅವರ ಭಾರತೀಯ ಪಕ್ಷಿಗಳ ಚಿತ್ರಸಹಿತ ಪುಸ್ತಕ ಹೊರಬಂದು, ಸಾಮಾನ್ಯರಿಗೂ ಹಕ್ಕಿಗಳ ಗುರುತು ಸಿಕ್ಕುವಂತಾಯಿತು. ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಬರೆದ ಮಹಾಗ್ರಂಥ ೧೦ ಸಂಪುಟಗಳಲ್ಲಿ ಬೆಳೆದು ೧೯೭೪ರಲ್ಲಿ ಮುಗಿಯಿತು. ೧೯೫೮ರಲ್ಲಿ ಪದ್ಮಭೂಷಣ, ೧೯೭೬ರಲ್ಲಿ ಪದ್ಮವಿಭೂಷಣ, ೧೯೮೫ರಲ್ಲಿ ರಾಜ್ಯಸಭೆಯ ನೇಮಕ ಅವರನ್ನು ಅರಸಿಕೊಂಡು ಬಂದವು. ಪದವಿಯಿಲ್ಲದವರಿಗೆ ಅಲೀಗಢ, ದಿಲ್ಲಿ, ಆಂಧ್ರ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟನ್ನಿತ್ತವು. ದೊಡ್ಡ ಬಹುಮಾನವಾಗಿ ಬಂದ ವಿದೇಶೀ ಹಣವನ್ನು ಅವರು ನಿಸರ್ಗರಕ್ಷಣೆಯ ನಿಧಿಗೆ ಸಲ್ಲಿಸಿದರು. ೧೯೮೭ರ ಜೂನ್ ೨೦ರಂದು, ತೊಂಬತ್ತು ದಾಟಿದ ಆ ಹಿರಿಯರು ಮುಂಬಯಿಯಲ್ಲೇ ಕಣ್ಮುಚ್ಚಿದರು.

ಹೋಟೆಲಿನ ದುಡಿಮೆಯಲ್ಲೋ ಆಫೀಸಿನ ಕಡತಗಳಲ್ಲೋ ದಿನ ಸವೆಸುವ ನಮಗೆ, ಪದವಿಯಿಲ್ಲವೆಂಬ ಕೊರಗು ಒಮ್ಮೊಮ್ಮೆ ಕಾಡುವುದುಂಟು. ಅಂಥ ಹೊತ್ತಿನಲ್ಲಿ ಈ ಜೀವನ ನೆನಪಿಗೆ ಬರಲಿ. ರಜೆಯ ದಿನ ಖಾಡಿಯ ಬಳಿ ಅರ್ಧ ತಾಸು ನಿಂತು ನೋಡೋಣ. ಹಕ್ಕಿ ಯಾರ ಸರ್ಟಿಫಿಕೇಟನ್ನೂ ಕೇಳುವುದಿಲ್ಲ.