ಅಲ್ಪಾಯುಷಿ ಚಿತ್ರಕಾರ ಎದುವಾರ್ದೊ ರೊಸಾಲೆಸ್



ಮನೆಯಲ್ಲಿ ಒಬ್ಬರು ಬಹುಕಾಲದಿಂದ ಹಾಸಿಗೆ ಹಿಡಿದಿದ್ದರೆ, ಆ ಮನೆಯವರು ನಾಳೆಯ ಮಾತನ್ನು ಗಟ್ಟಿಯಾಗಿ ಆಡುವುದಿಲ್ಲ. ನಾಳೆಯ ಖಾತ್ರಿಯೇ ಇಲ್ಲದೆ ತಮ್ಮ ಯೌವನವನ್ನೆಲ್ಲ ದುಡಿಮೆಯಲ್ಲಿ ಕಳೆದ ಒಬ್ಬ ಚಿತ್ರಕಾರರನ್ನು ಇಂದು ನಿಮಗೆ ಪರಿಚಯಿಸುತ್ತಿದ್ದೇನೆ. ಅವರೇ ಸ್ಪೇನ್ ದೇಶದ ಎದುವಾರ್ದೊ ರೊಸಾಲೆಸ್.

ರೊಸಾಲೆಸ್ ಹುಟ್ಟಿದ್ದು 1836ರ ನವೆಂಬರ್ 4ರಂದು, ಮ್ಯಾಡ್ರಿಡ್ ನಗರದ ಒಂದು ಸಾಧಾರಣ ಕುಟುಂಬದಲ್ಲಿ. ಅಲ್ಲಿನ ಸಾನ್ ಫೆರ್ನಾಂದೊ ಕಲಾ ಅಕಾಡೆಮಿಯಲ್ಲಿ ಅವರು ಚಿತ್ರಕಲೆ ಕಲಿತರು. ವಯಸ್ಸು ಇಪ್ಪತ್ತು ತುಂಬುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಸಾಲದ್ದಕ್ಕೆ ಕ್ಷಯರೋಗವೂ ಅಂಟಿಕೊಂಡಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಅದರ ರೋಗಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟದ್ದೇ 1882ರಲ್ಲಿ.

1857ರಲ್ಲಿ ರೊಸಾಲೆಸ್ ಗೆಳೆಯರೊಡನೆ ರೋಮ್ ನಗರಕ್ಕೆ ಹೊರಟರು. ಕೈಯಲ್ಲಿ ಹಣವಿರಲಿಲ್ಲ, ಸರ್ಕಾರದ ವೇತನವೂ ಆಗಿನ್ನೂ ದೊರೆತಿರಲಿಲ್ಲ. ರೋಗ ಉಲ್ಬಣಿಸಿದಾಗ ಅಲ್ಲಿ ಸ್ಪೇನಿನವರಿಗಾಗಿ ಇದ್ದ ಮೊಂತ್ಸೆರಾತ್ ಆಸ್ಪತ್ರೆಯನ್ನು ಸೇರಬೇಕಾಯಿತು. ತೊಬೀತನ ಗ್ರಂಥದ ಕಥೆ ನಿಮಗೆ ಗೊತ್ತಿದೆ: ದೂರ ಪ್ರಯಾಣ ಹೊರಟ ಯುವಕ ತೊಬಿಯಾಸನ ಜೊತೆಗೆ ದೇವದೂತ ರಫಾಯೇಲ ಗುರುತು ಹೇಳದೆ ನಡೆದು ಬರುತ್ತಾನೆ. ರೋಮಿನ ಆ ವರ್ಷಗಳಲ್ಲಿ ರೊಸಾಲೆಸ್ ಈ ಪ್ರಸಂಗವನ್ನೇ ಚಿತ್ರಿಸಿದರು. ತಂದೆ ತಾಯಿಯಿಲ್ಲದ, ಪರದೇಶದಲ್ಲಿ ಕಾಯಿಲೆ ಬಿದ್ದ ಯುವಕನೊಬ್ಬ ಈ ಕಥೆಗೆ ಮನಸೋತದ್ದು ಆಶ್ಚರ್ಯವೇ?

ಅವರಿಗೆ ಕೀರ್ತಿ ತಂದದ್ದು 1864ರಲ್ಲಿ ಮುಗಿಸಿದ, ರಾಣಿ ಇಸಬೆಲ್ಲಾ ಮರಣಶಾಸನ ಬರೆಯಿಸುವ ದೃಶ್ಯದ ಚಿತ್ರ. ಸುಮಾರು ನಾಲ್ಕು ಮೀಟರ್ ಅಗಲದ ಈ ಚಿತ್ರ ಇಂದು ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. 1504ರಲ್ಲಿ ಮರಣಶಯ್ಯೆಯಲ್ಲಿದ್ದ ರಾಣಿ ಮಾತು ಹೇಳುತ್ತಿದ್ದಾಳೆ, ಲಿಪಿಕಾರ ಬರೆದುಕೊಳ್ಳುತ್ತಿದ್ದಾನೆ. ಪತಿ ಫೆರ್ಡಿನೆಂಡ್ ತಲೆ ತಗ್ಗಿಸಿ ಕುಳಿತಿದ್ದಾನೆ. ಅಲ್ಲಿ ಗೋಳಾಟವಿಲ್ಲ, ಮೌನವಿದೆ. ಈ ರಾಣಿ 1492ರಲ್ಲಿ ಯೆಹೂದ್ಯರನ್ನು ನಾಡಿನಿಂದ ಹೊರಹಾಕಿದವಳು ಎಂಬುದನ್ನು ನಾವು ಮರೆಯಬಾರದು. ಆದರೆ ಅದೇ ರಾಣಿ ಕೊನೆಗಾಲದಲ್ಲಿ ತನ್ನ ಸಾಲಗಳನ್ನೆಲ್ಲ ತೀರಿಸಬೇಕೆಂದೂ ಅಂತ್ಯಸಂಸ್ಕಾರ ಆಡಂಬರವಿಲ್ಲದೆ ನಡೆಯಬೇಕೆಂದೂ ಬರೆಯಿಸಿದಳು. ಸಾವನ್ನು ಹತ್ತಿರದಿಂದ ಬಲ್ಲ ಚಿತ್ರಕಾರ ಆ ಗಳಿಗೆಯನ್ನೇ ಆರಿಸಿಕೊಂಡರು. ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಈ ಚಿತ್ರ ಪ್ರಥಮ ಪದಕ ಗಳಿಸಿತು. 1867ರ ಪ್ಯಾರಿಸ್ ಜಾಗತಿಕ ಮೇಳದಲ್ಲೂ ಅದಕ್ಕೆ ಪದಕ ಬಂತು. ಫ್ರಾನ್ಸ್ ದೇಶವು ಚಿತ್ರಕಾರರಿಗೆ ಲೀಜನ್ ಆಫ್ ಆನರ್ ಗೌರವ ನೀಡಿತು.

1868ರಲ್ಲಿ ರೊಸಾಲೆಸ್ ತಮ್ಮ ಸಂಬಂಧಿ ಮ್ಯಾಕ್ಸಿಮಿನಾಳನ್ನು ಮದುವೆಯಾದರು. ಆದರೆ ಸುಖ ಬಹುಕಾಲ ಉಳಿಯಲಿಲ್ಲ. 1871ರಲ್ಲಿ ಪ್ರದರ್ಶಿಸಿದ ಲುಕ್ರೀಷಿಯಾಳ ಮರಣದ ಚಿತ್ರಕ್ಕೆ ಮತ್ತೆ ಪ್ರಥಮ ಪದಕ ಬಂದರೂ, ಅದು ಪೂರ್ತಿಯಾಗದ ಕೆಲಸವೆಂದು ವಿಮರ್ಶಕರು ಹಳಿದರು. ಅಗಲವಾದ, ಬಿರುಸಿನ ಕುಂಚದ ಗೆರೆಗಳು ಅವರಿಗೆ ರುಚಿಸಲಿಲ್ಲ. ಅವರು ದೋಷವೆಂದದ್ದನ್ನೇ ಮುಂದಿನವರು ಹೊಸತನವೆಂದು ಮೆಚ್ಚಿದರು. ಮರುವರ್ಷ ಪುಟ್ಟ ಮಗಳು ಎಲೋಯ್ಸಾ ತೀರಿಕೊಂಡಳು.

ಎದೆಯಲ್ಲಿ ಉಸಿರು ನಿಲ್ಲದ ಆ ದಿನಗಳಲ್ಲಿ ರೊಸಾಲೆಸ್ ಕೈಗೆತ್ತಿಕೊಂಡದ್ದು ಮ್ಯಾಡ್ರಿಡ್‌ನ ಸಂತ ತೋಮಾಸರ ದೇವಾಲಯಕ್ಕಾಗಿ ನಾಲ್ವರು ಶುಭಸಂದೇಶಕರ್ತರ ಚಿತ್ರಗಳನ್ನು. 1873ರಲ್ಲಿ ಸಂತ ಮತ್ತಾಯ ಮತ್ತು ಸಂತ ಯೊವಾನ್ನರ ಚಿತ್ರಗಳು ಮುಗಿದವು. ಸಂತ ಮಾರ್ಕ ಮತ್ತು ಸಂತ ಲೂಕರ ಸರದಿ ಬರಲೇ ಇಲ್ಲ. ರೋಮಿನಲ್ಲಿ ಆಗತಾನೇ ಸ್ಥಾಪನೆಯಾಗಿದ್ದ ಸ್ಪೇನಿನ ಕಲಾ ಅಕಾಡೆಮಿಗೆ ಅವರನ್ನು ನಿರ್ದೇಶಕರನ್ನಾಗಿ ನೇಮಿಸಲಾಗಿತ್ತು. ಆ ಅಧಿಕಾರವನ್ನು ವಹಿಸಿಕೊಳ್ಳುವ ಮೊದಲೇ, ಸೆಪ್ಟೆಂಬರ್ 13ರಂದು, ಅವರು ಕಣ್ಣುಮುಚ್ಚಿದರು. ಆಗ ಅವರಿಗೆ 36 ವರ್ಷ.

ಪ್ರಿಯರೇ, ನಾಲ್ಕರಲ್ಲಿ ಎರಡೇ ಮುಗಿದವೆಂದು ನಾವು ಮರುಗಬಹುದು. ಆದರೆ ಮುಗಿದ ಆ ಎರಡನ್ನು ನೋಡಿದವರು ಅವುಗಳಲ್ಲಿ ರೋಗಿಯ ನಿಶ್ಶಕ್ತಿಯನ್ನು ಕಾಣುವುದಿಲ್ಲ. ಆರೋಗ್ಯ ಸುಧಾರಿಸಲಿ, ಕೈಗೆ ಹಣ ಬರಲಿ, ಆಮೇಲೆ ನೋಡೋಣ ಎಂದು ನಾವು ಎಷ್ಟು ಒಳ್ಳೆಯ ಕೆಲಸಗಳನ್ನು ಮುಂದೂಡಿದ್ದೇವೆ? ತೀರಿಸಬೇಕಾದ ಸಾಲ, ಕೇಳಬೇಕಾದ ಕ್ಷಮೆ, ಮಕ್ಕಳೊಡನೆ ಆಡಬೇಕಾದ ಮಾತು, ಇವೆಲ್ಲ ಹಾಗೆಯೇ ಉಳಿದಿವೆ. ಎಲ್ಲವನ್ನೂ ಮುಗಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಇಂದಿನ ಪಾಲನ್ನು ಇಂದೇ ಮಾಡುವುದು ನಮಗೆ ಬಿಟ್ಟದ್ದು. ಉಳಿದದ್ದನ್ನು ದೇವರ ಕೈಗೆ ಒಪ್ಪಿಸೋಣ.