ಹೈಡ್ರಾಲಿಕ್ ಜ್ಯಾಕ್ ಕಂಡುಹಿಡಿದಿದ್ದು ಪಾಸ್ಕಲ್ ಅಂತೆ, ನಿಜವೇ? ಟ್ರೇಲರ್ ಕೆಳಗೆ ನುಸುಳುವ ಮುನ್ನ ಇದನ್ನು ಓದಿ

ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೈಡ್ರಾಲಿಕ್ ಜ್ಯಾಕ್ ಕಂಡುಹಿಡಿದ. ಆತ ಉದ್ದನೆಯ ಕೊಳವೆಗೆ ಸ್ವಲ್ಪ ನೀರು ಸುರಿದು ಗಟ್ಟಿ ಪೀಪಾಯಿಯನ್ನೇ ಒಡೆದ. ಅಂಥ ಶಕ್ತಿಯಿರುವ ಜ್ಯಾಕ್ ಮೇಲೆ ನಿಂತ ಗಾಡಿ ಬೀಳುವ ಮಾತೇ ಇಲ್ಲ. ಈ ಮೂರೂ ಮಾತುಗಳನ್ನು ನೀವು ಎಲ್ಲೋ ಕೇಳಿರಬಹುದು. ಮೊದಲನೆಯದು ಅರ್ಧ ನಿಜ, ಎರಡನೆಯದಕ್ಕೆ ಆಧಾರವಿಲ್ಲ, ಮೂರನೆಯದು ಜೀವ ತೆಗೆಯುವಂಥ ಸುಳ್ಳು.

ಗುಬ್ಬಿ, ಕುಣಿಗಲ್ ಕಡೆಯಿಂದ ತೆಂಗಿನಕಾಯಿ, ರಾಗಿ ಹೇರಿಕೊಂಡು ತುಮಕೂರಿಗೆ ಬರುವ ಟ್ರ್ಯಾಕ್ಟರ್ ಟ್ರೇಲರ್ ದಾರಿಯಲ್ಲಿ ಪಂಕ್ಚರ್ ಆದರೆ ಮೊದಲು ಹುಡುಕುವುದು ಜ್ಯಾಕನ್ನೇ. ಅದು ಏಕೆ ಎತ್ತುತ್ತದೆ, ಏಕೆ ಕೈಕೊಡುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಪಾಸ್ಕಲ್‌ನ ಬದುಕಿನಲ್ಲಿ ಮತ್ತು ಅವನ ನಂತರದ ಕಥೆಯಲ್ಲಿ ಉತ್ತರವಿದೆ.

ಬಚ್ಚಿಟ್ಟ ಗಣಿತ ಪುಸ್ತಕ

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂ ಊರಿನಲ್ಲಿ. ಮೂರು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡಳು. ಅವನನ್ನೂ ಇಬ್ಬರು ಸಹೋದರಿಯರನ್ನೂ ಬೆಳೆಸಿದ್ದು ತಂದೆ ಎತಿಯೆನ್. ಬೇರೆ ಪಾಠಗಳು ಹಿಂದೆ ಬೀಳಬಾರದೆಂದು ತಂದೆ ಗಣಿತ ಪುಸ್ತಕಗಳನ್ನು ಬಚ್ಚಿಟ್ಟಿದ್ದನಂತೆ. ಹುಡುಗ ಹನ್ನೆರಡನೇ ವಯಸ್ಸಿಗೇ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ರೇಖಾಗಣಿತ ಕಲಿತುಕೊಂಡ ಎಂದು ಅಕ್ಕ ಗಿಲ್ಬರ್ತ್ ಬರೆದಿಟ್ಟಿದ್ದಾಳೆ.

ಮುಂದೆ ತಂದೆಗೆ ರುವಾನ್ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಸಿಕ್ಕಿತು. ರಾತ್ರಿಯೆಲ್ಲಾ ಕೂಡಿ ಕಳೆಯುವ ತಂದೆಯನ್ನು ನೋಡಿ, 1642ರಲ್ಲಿ ಮಗ ಹಲ್ಲುಚಕ್ರಗಳ ಲೆಕ್ಕದ ಯಂತ್ರ ತಯಾರಿಸಲು ಶುರುಮಾಡಿದ. ಆಗ ಅವನಿಗಿನ್ನೂ ಹತ್ತೊಂಬತ್ತು ವರ್ಷ.

ಬೆಟ್ಟ ಹತ್ತಿದ ಪಾದರಸ

ಗಾಳಿಗೆ ತೂಕವಿದೆಯೇ ಎಂಬುದು ಆ ಕಾಲದ ದೊಡ್ಡ ಜಗಳ. ಇದ್ದರೆ ಬೆಟ್ಟದ ತುದಿಯಲ್ಲಿ ಮೇಲಿರುವ ಗಾಳಿ ಕಡಿಮೆ, ಹಾಗಾಗಿ ಕೊಳವೆಯ ಪಾದರಸ ಕೆಳಗಿಳಿಯಬೇಕು ಎಂದು ಪಾಸ್ಕಲ್ ಲೆಕ್ಕ ಹಾಕಿದ. ಆರೋಗ್ಯ ಸರಿಯಿಲ್ಲದ ಅವನ ಪರವಾಗಿ 1648ರ ಸೆಪ್ಟೆಂಬರ್ 19ರಂದು ಭಾವ ಪೆರಿಯೆ, ಪ್ವಿ ದ ದೋಮ್ ಎಂಬ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಅದೇ ಕೊಳವೆಯನ್ನು ತುಮಕೂರಿನಿಂದ ದೇವರಾಯನದುರ್ಗಕ್ಕೆ ಒಯ್ದರೂ ಪಾದರಸ ಇಳಿಯುತ್ತದೆ, ಆದರೆ ಅಷ್ಟು ಅಲ್ಲ, ಏಕೆಂದರೆ ಏರು ಕಡಿಮೆ.

ಗಾಳಿಯ ಒತ್ತಡದಿಂದ ದ್ರವದ ಒತ್ತಡದ ಕಡೆಗೆ ಅವನ ಗಮನ ಹರಿಯಿತು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹರಡುತ್ತದೆ ಎಂಬುದೇ ಇಂದು ನಾವು ಶಾಲೆಯಲ್ಲಿ ಓದುವ ಪಾಸ್ಕಲ್ ನಿಯಮ. ಒಂದು ಬಾಯಿ ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದಾಗಿದ್ದರೆ, ಚಿಕ್ಕ ಬಾಯಿಯನ್ನು ಒತ್ತುವ ಒಬ್ಬ, ದೊಡ್ಡ ಬಾಯಿಯನ್ನು ಒತ್ತುವ ನೂರು ಜನರನ್ನು ತಡೆದು ನಿಲ್ಲಿಸಬಲ್ಲ ಎಂದು ಅವನು ವಿವರಿಸಿದ.

ಇದು ಪುಕ್ಕಟೆ ಶಕ್ತಿಯಲ್ಲ. ಚಿಕ್ಕ ಪಿಸ್ಟನ್‌ನ ಹರವು 1 ಚದರ ಸೆಂಟಿಮೀಟರ್, ದೊಡ್ಡದರದ್ದು 10 ಎಂದುಕೊಳ್ಳಿ. 30 ಕೆಜಿ ಭಾರ ಹಾಕಿದರೆ 300 ಕೆಜಿ ಏಳುತ್ತದೆ. ಆದರೆ ಚಿಕ್ಕದನ್ನು 10 ಸೆಂಟಿಮೀಟರ್ ತಳ್ಳಿದರೆ ದೊಡ್ಡದು ಏರುವುದು 1 ಸೆಂಟಿಮೀಟರ್ ಮಾತ್ರ. ಜ್ಯಾಕ್ ಹಿಡಿಯನ್ನು ಅಷ್ಟು ಸಲ ಒತ್ತಬೇಕಾದದ್ದು ಅದಕ್ಕೇ.

ಇನ್ನು ಪೀಪಾಯಿ ಒಡೆದ ಕಥೆ. ಅದರ ವಿಜ್ಞಾನ ಸರಿ, ಆದರೆ ಪಾಸ್ಕಲ್‌ನ ಉಳಿದುಬಂದ ಬರಹಗಳಲ್ಲಿ ಆ ಪ್ರಯೋಗದ ಮಾತೇ ಇಲ್ಲ. ಅದು ಅವನ ಹೆಸರಿಗೆ ಅಂಟಿಕೊಂಡಿದ್ದು ಬಹಳ ಕಾಲದ ನಂತರ.

ಕೊನೆಯ ವರ್ಷ

1662ರ ಮಾರ್ಚ್‌ನಲ್ಲಿ ಪಾಸ್ಕಲ್ ಮತ್ತು ಗೆಳೆಯರು ಪ್ಯಾರಿಸ್‌ನಲ್ಲಿ ಹೊಸ ಕುದುರೆಗಾಡಿ ಸೇವೆ ಶುರುಮಾಡಿದರು. ಗೊತ್ತಾದ ದಾರಿ, ಗೊತ್ತಾದ ದರ, ಜನ ತುಂಬದಿದ್ದರೂ ಹೊತ್ತಿಗೆ ಸರಿಯಾಗಿ ಹೊರಡುವ ಗಾಡಿ. ನಮ್ಮ ಸಿಟಿ ಬಸ್ಸಿನ ಮುತ್ತಜ್ಜ ಎನ್ನಬಹುದು. ಅದೇ ವರ್ಷ ಆಗಸ್ಟ್ 19ರಂದು, 39ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ದ್ರವದ ಬಗೆಗಿನ ಪುಸ್ತಕ ಅಚ್ಚಾಗಿದ್ದು ಮರುವರ್ಷ.

ಹಾಗಾದರೆ ಜ್ಯಾಕ್ ಮಾಡಿದ್ದು ಯಾರು?

ನಿಯಮ ಪಾಸ್ಕಲ್‌ನದು, ಯಂತ್ರ ಬೇರೆಯವರದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅಮೆರಿಕದಲ್ಲಿ ರಿಚರ್ಡ್ ಡಜನ್ ಕೈಯಲ್ಲಿ ಹಿಡಿದೊಯ್ಯುವ ಹೈಡ್ರಾಲಿಕ್ ಜ್ಯಾಕ್‌ಗೆ ಪೇಟೆಂಟ್ ಪಡೆದದ್ದು 1851ರಲ್ಲಿ. ಪಾಸ್ಕಲ್ ಸತ್ತು ಪ್ರೆಸ್ ಬರುವಷ್ಟರಲ್ಲಿ 130 ವರ್ಷ ದಾಟಿತ್ತು.

ಅಂಥ ಯಂತ್ರಕ್ಕೆ ಇದ್ದ ದೊಡ್ಡ ತೊಡಕು ಸೋರಿಕೆ. ಒತ್ತಡ ಏರಿದಂತೆ ಪಿಸ್ಟನ್ ಪಕ್ಕದಿಂದ ದ್ರವ ಜಾರಿಹೋಗುತ್ತದೆ. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ಚರ್ಮದ ಸೀಲ್ ಬಂದ ಮೇಲೆ ಬ್ರಾಮಾ ಪ್ರೆಸ್ ಪಳಗಿತು. ಅದರ ಶ್ರೇಯವನ್ನು ಬ್ರಾಮಾ ಜೊತೆ ಕೆಲಸ ಮಾಡುತ್ತಿದ್ದ ಹೆನ್ರಿ ಮಾಡ್ಸ್ಲೇಗೆ ಕೊಡುತ್ತಾರೆ.

ಮೂರನೇ ಮಾತು ಸುಳ್ಳು ಎನ್ನುವುದೂ ಇದಕ್ಕೇ. ದ್ರವ ಒಳಗೇ ಇರುವಷ್ಟು ಹೊತ್ತು ಮಾತ್ರ ಪಾಸ್ಕಲ್ ನಿಯಮ ನಿಮ್ಮ ಗಾಡಿಯನ್ನು ಹೊರುತ್ತದೆ. ಇಡೀ ಭಾರ ನಿಂತಿರುವುದು ಬೆರಳಗಲದ ಒಂದು ಸೀಲ್ ಮತ್ತು ಒಂದು ವಾಲ್ವ್ ಮೇಲೆ. ಸೀಲ್ ಹರಿದರೆ ಗಾಡಿ ಕೆಳಗೆ ಬರುತ್ತದೆ. ಜ್ಯಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ.

ಟ್ರೇಲರ್ ಇರುವವರು ನೆನಪಿಡಬೇಕಾದದ್ದು

- ಖಾಲಿ ಟ್ರೇಲರ್ ತೂಕ ನೋಡಿ ಜ್ಯಾಕ್ ಕೊಳ್ಳಬೇಡಿ. ಲೋಡ್ ಸೇರಿ 6 ಟನ್ ಇರುವ ಎರಡು ಚಕ್ರದ ಟ್ರೇಲರ್‌ನಲ್ಲಿ ಒಂದು ಬದಿಗೇ 3 ಟನ್ ಹತ್ತಿರ ಬೀಳಬಹುದು. ಅದಕ್ಕೆ 5 ಟನ್ ಜ್ಯಾಕ್ ಇರಲಿ. ಸಾಧ್ಯವಾದರೆ ಲೋಡ್ ಇಳಿಸಿಯೇ ಎತ್ತಿ.
- ಟ್ರ್ಯಾಕ್ಟರ್ ಬಿಚ್ಚಿ ಟ್ರೇಲರ್ ಮೂತಿಯನ್ನು ರಾತ್ರಿಯಿಡೀ ನಿಲ್ಲಿಸಲು ಸ್ಕ್ರೂ ಜ್ಯಾಕ್ ಅಥವಾ ಕಬ್ಬಿಣದ ಸ್ಟ್ಯಾಂಡ್ ಒಳ್ಳೆಯದು. ಹೈಡ್ರಾಲಿಕ್ ನಿಧಾನವಾಗಿ ಕುಸಿಯಬಹುದು.
- ಹೊಲದ ಮೆತ್ತನೆ ಮಣ್ಣಿನಲ್ಲಿ ಜ್ಯಾಕ್ ಕೆಳಗೆ ದಪ್ಪ, ಅಗಲ ಹಲಗೆ ಹಾಕಿ. ಹರವು ಹೆಚ್ಚಾದರೆ ನೆಲದ ಮೇಲಿನ ಒತ್ತಡ ಕಡಿಮೆ.
- ಎತ್ತುವ ಮುಂಚೆ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಎತ್ತಿದ ಮೇಲೆ ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಸೂಚನೆ ಕೊಡದೆ ಪುಡಿಯಾಗುತ್ತವೆ.
- ಹೈಡ್ರಾಲಿಕ್ ಜ್ಯಾಕ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಸೀಲನ್ನು ಹಾಳುಮಾಡುತ್ತದೆ.
- ಕೆಲಸ ಮುಗಿದ ಮೇಲೆ ಪಿಸ್ಟನ್ ಪೂರ್ತಿ ಇಳಿಸಿ, ಮಣ್ಣು ಒರೆಸಿ, ನೆಟ್ಟಗೆ ನಿಲ್ಲಿಸಿಡಿ. ಸ್ಕ್ರೂ ಜ್ಯಾಕ್‌ನ ಮರೆಗೆ ಗ್ರೀಸ್ ಹಚ್ಚಿ.
- ಜ್ಯಾಕ್ ಮೈಮೇಲೆ ಎಣ್ಣೆ ಜಿನುಗಿದ್ದರೆ, ಎತ್ತಿದ ಭಾರ ತಾನಾಗಿ ಇಳಿಯುತ್ತಿದ್ದರೆ ಸೀಲ್ ಬದಲಿಸುವವರೆಗೆ ಅದನ್ನು ಬಳಸಬೇಡಿ.

ಇದನ್ನು ಫಾರ್ವರ್ಡ್ ಮಾಡುವುದಾದರೆ ಪೀಪಾಯಿ ಕಥೆ ಬಿಟ್ಟು ಒಂದೇ ಮಾತು ಕಳಿಸಿ: ಸ್ಟ್ಯಾಂಡ್ ಇಲ್ಲದೆ, ಬರೀ ಜ್ಯಾಕ್ ನಂಬಿ ಯಾವ ಗಾಡಿಯ ಕೆಳಗೂ ಹೋಗಬೇಡಿ.